ಮಂಕು ಹರಳನ್ನು ಮೊದಲು ನೋಡಿ: ಪೈರಾಕ್ಸಿನ್, ಆಂಫಿಬೋಲ್ ಬೇರೆ ಮಾಡಿದ ನನ್ನ ಅನುಭವ

ಮಾಮೂಲಿ ಬಯಾಲಜಿ ಮೈಕ್ರೋಸ್ಕೋಪಿಗೆ ಎರಡು ತುಂಡು ಪೋಲರೈಸಿಂಗ್ ಫಿಲ್ಮ್ ಸಿಕ್ಕಿಸಿ ಕಲ್ಲಿನಲ್ಲಿ ಸಿಗುವ, ನೋಡಲು ಒಂದೇ ಥರ ಕಾಣುವ ಎರಡು ಖನಿಜ ಗುಂಪುಗಳಾದ ಪೈರಾಕ್ಸಿನ್, ಆಂಫಿಬೋಲ್ ಗುರುತಿಸುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. “ಆಟದ ಸಾಮಾನು ಕಣೋ ಅದು, ಬಣ್ಣ ನೋಡಿ ಖುಷಿಪಡು ಅಷ್ಟೇ” ಅಂದರು. ಈಗ ಅವರೇ ಸ್ಲೈಡ್ ಕೊಟ್ಟು ಇದೇನು ನೋಡು ಅನ್ನುತ್ತಾರೆ.

ಎಲ್ಲ ಸೇರಿ ಕಲ್ಲು ನೋಡುವ ಹೊಸ ಪೆಟ್ರೋಲಜಿ ಮೈಕ್ರೋಸ್ಕೋಪಿನ ಹತ್ತನೇ ಒಂದು ಪಾಲು ಖರ್ಚಾಗಿರಬಹುದು. ಅದರಲ್ಲೂ ಅರ್ಧ ದಂಡ. ಹ್ಯಾಲೊಜೆನ್ ದೀಪದ ಬಿಸಿಗೆ ಮೊದಲ ಫಿಲ್ಮ್ ಸುರುಟಿಹೋಯಿತು, ಎಲ್ಇಡಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಕಲ್ಲು ಉಜ್ಜಲು ದುಬಾರಿ ವಜ್ರದ ಪೇಸ್ಟ್ ತಂದದ್ದು ಇನ್ನೂ ಹಾಗೇ ಇದೆ. ಸಿಲಿಕಾನ್ ಕಾರ್ಬೈಡ್ ಪುಡಿ 220, 400, 600, 1000 ನಂಬರಿನದು ಇದ್ದರೆ ಸಾಕಿತ್ತು. ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಹಾಳೆಗೆ ಸೆಕ್ಷನ್ ಅಂತಾರೆ. ಮೊದಲ ಮೂವತ್ತು ಸೆಕ್ಷನ್‌ಗಳಲ್ಲಿ ಇಪ್ಪತ್ತಾದರೂ ಕೊನೇ ಗಳಿಗೆಯಲ್ಲಿ ಉಜ್ಜಿ ಮಾಯವಾದವು. ಸೆಕ್ಷನ್ ತೆಳ್ಳಗಾಗುತ್ತ, ಅಡ್ಡಡ್ಡ ಇಟ್ಟ ಎರಡು ಫಿಲ್ಮ್ ನಡುವೆ ಕ್ವಾರ್ಟ್ಸ್ ಹಳದಿಯಿಂದ ಬೂದು-ಬಿಳಿಗೆ ಬರುವ ಆ ಹೊತ್ತಲ್ಲಿ ಸ್ಲೈಡನ್ನು ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ!

ಸ್ಲೈಡ್ ಇಡುವ ಸ್ಟೇಜ್ ಅಂದರೆ ಬೇರಿಂಗ್ ಮೇಲೊಂದು ತಟ್ಟೆ, ಸುತ್ತ ಡಿಗ್ರಿ ಗೆರೆಗಳು. ತಿರುಗಿಸಿದರೆ ಹರಳು ಕಣ್ಣಿಂದ ಜಾರಿಹೋಗುತ್ತಿತ್ತು. ತಟ್ಟೆಯನ್ನು ಮೂರು ಸ್ಕ್ರೂ ಮೇಲೆ ಕೂರಿಸಿ ಕೇಂದ್ರಕ್ಕೆ ತರಲು ಎರಡು ವಾರ ಬೇಕಾಯಿತು.

ನಾನು ಮಾಡುತ್ತಿದ್ದ ದೊಡ್ಡ ತಪ್ಪು ಅಂದರೆ ಝಗಮಗಿಸುವ ಹರಳಿಗೆ ಮೊದಲು ಮರುಳಾಗುವುದು. ಕಂದು ಬಣ್ಣ ಕಂಡರೆ ಹಾರ್ನ್‌ಬ್ಲೆಂಡ್ (ಒಂದು ಆಂಫಿಬೋಲ್), ಇಲ್ಲದಿದ್ದರೆ ಆಗೈಟ್ (ಒಂದು ಪೈರಾಕ್ಸಿನ್). ಎಷ್ಟು ಸಲ ಮುಗ್ಗರಿಸಿದ್ದೇನೋ! ಈಗ ಮೊದಲು ಹುಡುಕುವುದು ಅಡ್ಡಕ್ಕೆ ಕತ್ತರಿಸಿದ, ಫಿಲ್ಮ್ ನಡುವೆ ಬಣ್ಣ ಕಡಿಮೆ ತೋರುವ ಮಂಕು ಹರಳನ್ನು. ಎರಡೂ ಕ್ಲೀವೇಜ್ (ಹರಳು ಸೀಳುವ ಗೆರೆಗಳು) ಕೂದಲಿನಷ್ಟು ತೆಳ್ಳಗೆ ಕಾಣಬೇಕು. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಗೆರೆಗಳು ಪಕ್ಕಕ್ಕೆ ಸರಿಯಬಾರದು. ಸರಿದರೆ ಓರೆಯಾಗಿ ಕತ್ತರಿಸಿದೆ ಅಂತ ಅರ್ಥ, ಅಲ್ಲಿ ಅಳೆದ ಕೋನ ಸುಳ್ಳು. ನೆಟ್ಟಗಿದ್ದರೆ ಆ ಗೆರೆಗಳ ನಡುವಿನ ಕೋನ ಪೈರಾಕ್ಸಿನ್‌ಗೆ 87 ಡಿಗ್ರಿಯ ಆಸುಪಾಸು, ಆಂಫಿಬೋಲ್‌ಗೆ 56 ಅಥವಾ 124. ಇಲ್ಲಿ ನನ್ನ ತಟ್ಟೆ ಎರಡು ಮೂರು ಡಿಗ್ರಿ ತಪ್ಪಿದರೂ ಚಿಂತೆಯಿಲ್ಲ.

ಆಮೇಲೆ ಉದ್ದ ಹರಳುಗಳ ಎಕ್ಸ್‌ಟಿಂಕ್ಷನ್, ಅಂದರೆ ಹರಳಿನ ಉದ್ದವನ್ನು ಫಿಲ್ಮಿನ ದಿಕ್ಕಿಗೆ ಇಟ್ಟಲ್ಲಿಂದ ಎಷ್ಟು ಡಿಗ್ರಿ ತಿರುಗಿಸಿದರೆ ಅದು ಕಪ್ಪಾಗುತ್ತದೆ ಅನ್ನುವ ಕೋನ. ಸರಾಸರಿ ತೆಗೆದು ವರ್ಷವಿಡೀ ಹಾಳುಮಾಡಿದೆ. ಹದಿನೈದು ಇಪ್ಪತ್ತು ಹರಳು ಅಳೆದು ಎಲ್ಲಕ್ಕಿಂತ ದೊಡ್ಡ ಕೋನವನ್ನೇ ನಂಬಿ. ಬೂದು, ಹಳದಿ, ಕೆಂಪು, ನೀಲಿ ಅನ್ನುವ ಸಾಲಲ್ಲಿ ಬಣ್ಣ ಜಾಸ್ತಿ ಮೇಲೇರಿದ ಹರಳಲ್ಲೇ ಅದು ಸಿಗುತ್ತದೆ. ನನ್ನ ಆಗೈಟ್‌ಗಳು 40 ದಾಟುತ್ತವೆ, ಹಾರ್ನ್‌ಬ್ಲೆಂಡ್ 25ರ ಹತ್ತಿರ ನಿಲ್ಲುತ್ತದೆ. ಹೈಪರ್ಸ್ಥೀನ್ ಅನ್ನುವ ಪೈರಾಕ್ಸಿನ್ ನೇರವಾಗಿ, ಸೊನ್ನೆ ಕೋನದಲ್ಲೇ, ಕಪ್ಪಾಗಬೇಕು ನಿಜ, ಆದರೆ ಓರೆ ಕತ್ತರಿಸಿದ ಹರಳು ಹತ್ತು ಡಿಗ್ರಿ ತೋರಿಸಿ ನನ್ನನ್ನು ಚೆನ್ನಾಗಿ ಯಾಮಾರಿಸಿದೆ. ಎಜಿರಿನ್ ಕೂಡ ಪೈರಾಕ್ಸಿನ್ನೇ, ಆದರೆ ಅದರ ಕೋನವೂ ಚಿಕ್ಕದೇ. ಹಸಿರು ನೋಡಿ ಆಂಫಿಬೋಲ್ ಅಂತ ಬರೆಯುವ ಮುಂಚೆ ಮತ್ತೆ ಆ ಮಂಕು ಹರಳಿಗೇ ಹೋಗಿ.

ನಡುವೆ ಒಂದು ಹುಚ್ಚು: ಹರಳಿನ ಬಣ್ಣ ಏರುತ್ತದೋ ಇಳಿಯುತ್ತದೋ ನೋಡಲು ಇಡುವ ಜಿಪ್ಸಮ್ ಪ್ಲೇಟ್ ಬದಲು ಗಾಜಿನ ಮೇಲೆ ಪಾರದರ್ಶಕ ಟೇಪ್ ಪದರ ಪದರವಾಗಿ ಅಂಟಿಸಿ ನೋಡಿದೆ. ಎಲ್ಲ ಟೇಪೂ ಆಗುವುದಿಲ್ಲ, ಕೆಲವು ಏನೂ ಬಣ್ಣ ಕೊಡುವುದಿಲ್ಲ. ನನ್ನದು ಸುಮಾರು ಮೊದಲ ಆರ್ಡರ್ ಕೆಂಪಿಗೆ (ಬಣ್ಣದ ಸಾಲಲ್ಲಿ ಮೊದಲು ಬರುವ ಕೆಂಪು) ಬಂತು. ಗೊತ್ತಿರುವ ಹರಳಿನ ಮೇಲೆ ಇಟ್ಟು ಟೇಪಿನ ನಿಧಾನ ದಿಕ್ಕನ್ನು (ಬೆಳಕು ನಿಧಾನವಾಗಿ ಹಾಯುವ ಕಂಪನದ ದಿಕ್ಕು) ಗುರುತು ಹಾಕಿಕೊಂಡೆ. ಕೆಲಸ ನಡೆಯುತ್ತದೆ.

ಹೋದ ತಿಂಗಳು ಹಳೇ ಗೆಳೆಯನೊಬ್ಬ ಹೆಸರು ಮುಚ್ಚಿ ಏಳು ಸ್ಲೈಡ್ ಕೊಟ್ಟ. ಆರು ಸರಿ! ಏಳನೆಯದನ್ನು ಟ್ರೆಮೊಲೈಟ್ ಎಂಬ ಆಂಫಿಬೋಲ್ ಅಂದೆ, ಅದು ಎರಡೂ ಗುಂಪಿಗೆ ಸೇರದ ವೊಲಾಸ್ಟೊನೈಟ್. ಬಣ್ಣ ತಗ್ಗಿದ್ದದ್ದು ಕಂಡಿತ್ತು, ಸೆಕ್ಷನ್ ತೆಳ್ಳಗಾಗಿದೆ ಅಂತ ಸಮಾಧಾನ ಮಾಡಿಕೊಂಡೆ. ಟೇಪ್ ಇಟ್ಟು ಸೂಜಿಯಂಥ ಒಂದೇ ಹರಳು ನೋಡಿ ಕೈತೊಳೆದುಕೊಂಡಿದ್ದೆ. ಮನೆಗೆ ಬಂದು ಪಕ್ಕದ ಸೂಜಿಗಳನ್ನೂ ನೋಡಿದೆ. ಒಂದರಲ್ಲಿ ಬಣ್ಣ ಏರಿತು, ಅದೇ ಕಟ್ಟಿನ ಇನ್ನೊಂದರಲ್ಲಿ ಇಳಿಯಿತು. ಟ್ರೆಮೊಲೈಟ್ ಆಗಿದ್ದರೆ ಎಲ್ಲದರಲ್ಲೂ ಏರಬೇಕಿತ್ತು.