ತೂಗಿ ಕೊಂಡ ಬೈಕು

ಹೋದ ಅಕ್ಟೋಬರಿನಲ್ಲಿ ದಾವಣಗೆರೆಯ ನಾಲ್ವರು, ಚಿತ್ರದುರ್ಗದ ಇಬ್ಬರು ಸೇರಿ ಗಾಳಿಯಂತ್ರಗಳಿರುವ ಗುಡ್ಡವೊಂದರ ಮಣ್ಣುದಾರಿ ಹತ್ತಿದೆವು. ಕಾವಲುಗಾರನ ಒಪ್ಪಿಗೆ ಪಡೆದಿದ್ದೆವು. ಹಿಂದಿನ ರಾತ್ರಿಯ ಮಳೆಗೆ ಗರಸೆಲ್ಲ ಕೊಚ್ಚಿಹೋಗಿ, ತಿರುವುಗಳಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಆರು ಬೈಕುಗಳಲ್ಲಿ ತುದಿ ಮುಟ್ಟಿದ್ದು ಎರಡು. ಅವುಗಳಲ್ಲಿ ಒಂದು ನನ್ನದು, ಆರರಲ್ಲಿಯೂ ಚಿಕ್ಕ ಎಂಜಿನ್ನಿನದು. ನಾನು ಬೀಳಲಿಲ್ಲವೆಂದಲ್ಲ. ಏಳು ಸಲ ಬಿದ್ದೆ, ಏಳು ಸಲವೂ ಯಾರನ್ನೂ ಕರೆಯದೆ ಎತ್ತಿ ನಿಲ್ಲಿಸಿದೆ. ಎರಡು ವರ್ಷದಿಂದ ನನ್ನನ್ನು ‘ತಕ್ಕಡಿ ಮಾಸ್ತರು’ ಎಂದು ಕರೆದು ನಗುತ್ತಿದ್ದ ದಾವಣಗೆರೆಯ ಗೆಳೆಯ ಇಳಿದು ಬಂದ ಮೇಲೆ, ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದ್ದು ಒಂದೇ ಮಾತು: ‘ಅದೇನೋ ತೂಗಿ ನೋಡಿ ಕೊಂಡೆಯಲ್ಲ, ಹೇಗೆ ತೂಗಿದೆ?’

ಅವನೊಬ್ಬನಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಚಿತ್ರದುರ್ಗದಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ವಯಸ್ಸು ನಲವತ್ತಾರು, ಎತ್ತರ ಐದಡಿ ಐದಂಗುಲ, ಸೊಂಟ ವೈದ್ಯರಿಗೆ ಚೆನ್ನಾಗಿ ಪರಿಚಯ. ಭಾನುವಾರ ಹೋಗುವುದು ಬಂಡಿದಾರಿ, ಕೆರೆ ಏರಿ, ನೀರಿಲ್ಲದ ಹಳ್ಳ, ಶೇಂಗಾ ಕಿತ್ತಾದ ಮೇಲೆ ಪರಿಚಯದ ರೈತರ ಬದು. ಜೋಗಿಮಟ್ಟಿ ಕಾಡಿನೊಳಗೆ ಬೈಕು ನುಗ್ಗಿಸುವವರ ಪೈಕಿ ನಾನಲ್ಲ, ಅವರ ಜೊತೆ ಹೋಗುವುದೂ ಇಲ್ಲ.

ಮೊದಲು ಇದ್ದದ್ದು ಸೆಕೆಂಡ್ ಹ್ಯಾಂಡ್ 150 ಸಿಸಿ. ಯಾರೋ ಹುಡುಗ ಗುಂಡಿ ಟೈರು, ಅಗಲ ಹ್ಯಾಂಡಲ್ ಹಾಕಿಸಿ ‘ಟ್ರೇಲ್ ಗಾಡಿ’, ಅಂದರೆ ಮಣ್ಣುದಾರಿಯ ಬೈಕು ಮಾಡಿದ್ದ. ಮೂವತ್ತೈದು ಸಾವಿರಕ್ಕೆ ತಂದೆ. ಆರು ತಿಂಗಳಿಗೆ ಎಂಜಿನ್ನಿನ ತಳ ಕಲ್ಲಿಗೆ ಬಡಿದು ಸೀಳಿತು, ಆಯಿಲ್ಲೆಲ್ಲ ಹಳ್ಳದ ಪಾಲು. ವೆಲ್ಡ್ ಮಾಡಿಸಿದೆ, ಮತ್ತೆ ಸೋರಿತು. ಒಟ್ಟು ಐವತ್ತೆಂಟು ಸಾವಿರ ಸುರಿದು ಇಪ್ಪತ್ತೆರಡಕ್ಕೆ ಮಾರಿದೆ. ಇನ್ನು ಕೊಂಡರೆ ಹೊಸದೇ ಎಂದು ಅಂದೇ ತೀರ್ಮಾನಿಸಿದೆ. ಆದರೆ ಯಾವುದು ಎಂದು ತೀರ್ಮಾನಿಸಲು ಒಂದು ವರ್ಷ ಬೇಕಾಯಿತು.

2022ರ ಮಳೆ ನಿಮಗೆ ನೆನಪಿರಬೇಕು. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಊರಿಗೆ ಊರೇ ಹಿರಿಯೂರಿನ ಕಡೆ ಹೊರಟಿತ್ತು. ನಾನು ಪರಿಚಯಸ್ಥರ ದೊಡ್ಡ ಬೈಕು ತೆಗೆದುಕೊಂಡು ಹೋದೆ. ‘ನಿನಗೆ ಇಂಥದ್ದೇ ಸರಿ, ಒಂದು ದಿನ ಓಡಿಸಿ ನೋಡು’ ಎಂದು ಅವರೇ ಕೊಟ್ಟಿದ್ದರು. ಕೋಡಿ ನೋಡಿ ಬರುವಾಗ ಜನಜಂಗುಳಿ ತಪ್ಪಿಸಲು ಹೊಲದ ದಾರಿ ಹಿಡಿದೆ. ಎರೆ ಮಣ್ಣು. ನೂರು ಮೀಟರಿಗೆ ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾರೆಯಂತೆ ಗಟ್ಟಿಯಾಯಿತು. ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿತು, ಬೈಕು ಎಡಕ್ಕೆ ಮಲಗಿತು. ಒಂದು ಸಲ ಎತ್ತಿದೆ, ಎರಡು ಹೆಜ್ಜೆಗೆ ಮತ್ತೆ ಮಲಗಿತು. ಮೂರನೆಯ ಸಲ ಎತ್ತಲು ನನ್ನಿಂದ ಆಗಲಿಲ್ಲ. ಮುಕ್ಕಾಲು ಗಂಟೆ ಬದುವಿನ ಮೇಲೆ ಕುಳಿತಿದ್ದೆ. ಕುರಿ ಹೊಡೆದುಕೊಂಡು ಬಂದ ಇಬ್ಬರು ಕೈಕೊಟ್ಟರು. ಅವರಲ್ಲಿ ಹಿರಿಯರು ಹಗ್ಗದಂತೆ ಹೊಸೆದುಹೋದ ಕೈಯಿಂದ ಮಣ್ಣು ಕೊಡವಿಕೊಳ್ಳುತ್ತಾ, ‘ಒಬ್ಬನೇ ಬರುವವನು ಒಬ್ಬನಿಗೆ ಏಳುವಂಥದ್ದು ತರಬೇಕಿತ್ತಪ್ಪಾ’ ಎಂದರು. ಚಹಾಕ್ಕೆ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಆ ಮಾತು ಬಿಟ್ಟು ನಾನು ಬೇರೆ ಯಾವ ಲೆಕ್ಕವನ್ನೂ ಹಾಕಲಿಲ್ಲ.

ಷೋರೂಮಿನಲ್ಲಿ, ಬೈಕನ್ನು ಒಮ್ಮೆ ನೆಲಕ್ಕೆ ಮಲಗಿಸಿ ಎತ್ತಿ ನೋಡಬಹುದೇ ಎಂದು ಕೇಳಿದೆ. ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ನೀರು ಕೊಡಿಸಿ ಬೀಳ್ಕೊಟ್ಟರು. ಹಾಗಾಗಿ ಈಗಾಗಲೇ ಕೊಂಡಿದ್ದವರ ಕಾಲು ಹಿಡಿದೆ. ಒಬ್ಬರ ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಸಂಬಂಧಿಕರ ಹುಡುಗನ ಕೆಟಿಎಂ 390 ಅಡ್ವೆಂಚರ್, ಹೊಳಲ್ಕೆರೆಯ ಕಡೆಯ ಒಬ್ಬರ ಹೀರೋ ಎಕ್ಸ್‌ಪಲ್ಸ್ 200 4ವಿ, ಮೂರೂ ಬೇರೆ ಬೇರೆ ಭಾನುವಾರ ನನ್ನ ಅಂಗಡಿಯ ಹಿಂದಿನ ಅಂಗಳಕ್ಕೆ ಬಂದವು. ನೆಲಕ್ಕೆ ಗೋಣಿಚೀಲ ನಾಲ್ಕು ಪದರ, ಅದರ ಮೇಲೆ ಹಳೆಯ ಹಾಸಿಗೆ. ಮೋಟಾರು ಎತ್ತುವ ಮುಕ್ಕಾಲಿ ಮತ್ತು ಚೈನ್ ಪುಲ್ಲಿ ನಮ್ಮಲ್ಲೇ ಇದೆ. ಕೊಕ್ಕೆಯ ಡಿಜಿಟಲ್ ತಕ್ಕಡಿಯನ್ನು ಚಳ್ಳಕೆರೆಯ ಶೇಂಗಾ ವ್ಯಾಪಾರಿಯೊಬ್ಬರಿಂದ ತಂದೆ. ಗೆಳೆಯರು ನಿಂತು ನೋಡಿ, ‘ಬೈಕು ಕೊಳ್ಳುತ್ತೀಯೋ, ಹೋರಿ ಕೊಳ್ಳುತ್ತೀಯೋ? ಹಲ್ಲು, ಸುಳಿ ನೋಡುವುದೂ ಬಾಕಿ ಇರಬೇಕು’ ಎಂದು ನಕ್ಕರು.

ಮಾಡಿದ್ದು ಇಷ್ಟೇ. ಟ್ಯಾಂಕ್ ತುಂಬಿಸಿ ಬೈಕನ್ನು ಎಡಕ್ಕೆ ಮಲಗಿಸುವುದು, ನೆಲದ ಕಡೆ ಇರುವ ಹ್ಯಾಂಡಲ್ ಹಿಡಿಗೆ ಪಟ್ಟಿ ಕಟ್ಟುವುದು, ಪಟ್ಟಿಯನ್ನು ತಕ್ಕಡಿಯ ಕೊಕ್ಕೆಗೆ, ತಕ್ಕಡಿಯನ್ನು ಪುಲ್ಲಿಗೆ ಸಿಕ್ಕಿಸಿ ನಿಧಾನವಾಗಿ ಎಳೆಯುವುದು. ಬೈಕು ನೆಲ ಬಿಡುವ ಕ್ಷಣದಲ್ಲಿ ತಕ್ಕಡಿ ತೋರಿಸುವ ಅಂಕಿಯೇ ನಿಮ್ಮ ಕೈಗೆ ಬರುವ ಭಾರ. ಟ್ಯಾಂಕ್ ತುಂಬಲೇಬೇಕು. 13 ಲೀಟರ್ ಪೆಟ್ರೋಲ್ ಎಂದರೆ ಒಂಬತ್ತೂವರೆ ಕೆಜಿಯ ಆಸುಪಾಸು, ಅದೂ ಮೇಲುಗಡೆಯೇ ಇರುತ್ತದೆ.

ನೆನಪಿನಿಂದ ಹೇಳುತ್ತೇನೆ, ಆ ಚೀಟಿ ಕಳೆದುಹೋಗಿದೆ. ಕಾಗದದ ಮೇಲೆ 199 ಕೆಜಿಯ 411ಕ್ಕೆ 84–85 ಬಂತು. 177 ಕೆಜಿಯ 390ಕ್ಕೆ 75ರ ಹತ್ತಿರ. 158–159 ಕೆಜಿಯ ಎಕ್ಸ್‌ಪಲ್ಸಿಗೆ 66. ಗೊಬ್ಬರದ ಐವತ್ತು ಕೆಜಿ ಚೀಲ ಹೊತ್ತವರಿಗೆ ಈ ಅಂತರ ಏನೆಂದು ಬೇರೆ ಹೇಳಬೇಕಿಲ್ಲ.

ಅಂಕಿಗಿಂತ ಹೆಚ್ಚು ಕಲಿಸಿದ್ದು ಅದರ ಮುಂದಿನ ಕೆಲಸ. ಪುಲ್ಲಿ ಬಿಚ್ಚಿ ನಾನೇ ಎತ್ತಲು ನಿಂತೆ. ಒಂದು ಸಲ ಎತ್ತುವುದು ಹುಮ್ಮಸ್ಸಿನಲ್ಲಿ ಯಾರಿಗಾದರೂ ಆಗುತ್ತದೆ. ಎತ್ತಿ, ಎರಡು ನಿಮಿಷ ಕೂತು, ಮತ್ತೆ ಮಲಗಿಸಿ ಎತ್ತುವುದು, ಕೈ ನಡುಗುವವರೆಗೆ ಎಷ್ಟು ಸಲ ಎಂದು ಎಣಿಸಿದೆ. 411 ಎರಡು ಸಲ. 390 ನಾಲ್ಕು ಸಲ, ಐದನೆಯದಕ್ಕೆ ಅರ್ಧದಲ್ಲೇ ಬಿಟ್ಟೆ. ಎಕ್ಸ್‌ಪಲ್ಸ್ ಒಂಬತ್ತು ಸಲ. ನನ್ನ ಮಟ್ಟಿಗೆ ಅಲ್ಲಿಗೆ ಚರ್ಚೆ ಮುಗಿಯಿತು. ಬಿದ್ದ ಬೈಕನ್ನು ಎತ್ತುವುದು ಬೆನ್ನು ಸೀಟಿಗೆ ಕೊಟ್ಟು ಹಿಮ್ಮುಖವಾಗಿ ತಳ್ಳಿ. ಇಳಿಜಾರಿನಲ್ಲಿ ಎಡಗಾಲು ಎಲ್ಲಿಡಬೇಕು ಎಂಬುದರಲ್ಲಿ ಒಂದು ಸಣ್ಣ ಗುಟ್ಟು ಇದೆ, ಅದು ಬರಹದಲ್ಲಿ ತಿಳಿಯುವಂಥದ್ದಲ್ಲ. ಅಂಗಡಿಗೆ ಬಂದರೆ ತೋರಿಸುತ್ತೇನೆ.

411ಕ್ಕೆ ಅನ್ಯಾಯ ಮಾಡಬಾರದು. ಅದರ ಸೀಟು 800 ಮಿಮೀ, ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಬರುತ್ತಿದ್ದವು. 24 ಕುದುರೆಬಲ ಎಂದು ಹಗುರವಾಗಿ ಮಾತನಾಡುತ್ತಾರೆ, ಆದರೆ 32 ನ್ಯೂಟನ್ ಮೀಟರ್ ಎಳೆತ ಕೆಳಗಿನ ವೇಗದಲ್ಲೇ ಸಿಗುವುದರಿಂದ ಟ್ರ್ಯಾಕ್ಟರಿನಂತೆ ಹತ್ತುತ್ತದೆ. ಜೊತೆಗೆ ಇಬ್ಬರು ಗಟ್ಟಿ ಗೆಳೆಯರಿರುವವರು, ಲಗೇಜು ಕಟ್ಟಿ ದೂರ ಹೋಗುವವರು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದನ್ನೇ ಕೊಳ್ಳಲಿ. 390ರಲ್ಲಿ ವೇಗ ಬೇಕಾದಷ್ಟಿದೆ, ಆದರೆ 855 ಮಿಮೀ ಸೀಟಿನ ಮೇಲೆ ನಾನು ನೆಲ ಮುಟ್ಟುವುದು ಹೆಬ್ಬೆರಳ ತುದಿಯಲ್ಲಿ. ಮುಂದಿನ ಚಕ್ರವೂ 19 ಇಂಚು. ನಮ್ಮ ಬಂಡಿ ಜಾಡಿನ ಅಂಚು ಹತ್ತಿಸಲು 21 ಇಂಚಿನ ಚಕ್ರ ಬೇರೆಯದೇ ಸಂಗತಿ, ಓಡಿಸಿದವರಿಗೆ ಗೊತ್ತು.

2023ರಲ್ಲಿ ಎಕ್ಸ್‌ಪಲ್ಸ್ 200 4ವಿ ತಂದೆ. ಷೋರೂಮಿನವರು ಅದರದೇ ಪ್ರೊ ಮಾದರಿಯನ್ನೇ ತೆಗೆದುಕೊಳ್ಳಿ ಎಂದು ಬಹಳ ಒತ್ತಾಯಿಸಿದರು. ಸಸ್ಪೆನ್ಷನ್ ಮುಂದೆ 250 ಮಿಮೀ ಇಳಿಯುತ್ತದೆ, ಆಸೆಯಾಯಿತು ಕೂಡ. ಆದರೆ ಸೀಟು 891 ಮಿಮೀ. ಅದರ ಮೇಲೆ ಕುಳಿತರೆ ನಾನು ಅಟ್ಟದ ಮೇಲೆ ಕುಳಿತ ಹಾಗೆ. ಮಾಮೂಲು ಮಾದರಿಯ 825ಕ್ಕೇ ಇಳಿದೆ. ಬಿಲ್ಲಿನಲ್ಲಿ ‘ಹ್ಯಾಂಡ್ಲಿಂಗ್’ ಎಂಬ ಹೆಸರಿನಲ್ಲಿ ಎರಡೂವರೆ ಸಾವಿರ ಸೇರಿಸಿದ್ದರು. ಅದು ಯಾವುದನ್ನು ಹ್ಯಾಂಡಲ್ ಮಾಡಿದ್ದಕ್ಕೆ ಎಂದು ಕೇಳುತ್ತಾ ಒಂದು ಗಂಟೆ ಅಲ್ಲೇ ಕುಳಿತೆ, ಕೊನೆಗೆ ತೆಗೆದರು. ಆದರೂ ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವ ಹೊತ್ತಿಗೆ 1.80 ಲಕ್ಷ ದಾಟಿತ್ತು. ಎಂಜಿನ್ ತಳಕ್ಕೆ ಗಟ್ಟಿ ತಗಡಿನ ಗಾರ್ಡು, ಕೈಗೆ ಗಾರ್ಡು, ಬೂಟು, ಮೊಣಕಾಲಿನ ಕವಚಗಳಿಗೆ ಇನ್ನೊಂದು ಹದಿನೆಂಟು ಸಾವಿರ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತನಾಡಲಿಲ್ಲ. ಕಾದಿದ್ದರೆ ಹತ್ತು ಹನ್ನೊಂದು ಸಾವಿರ ಉಳಿಯುತ್ತಿತ್ತು ಎಂದು ಮಗಳು ಲೆಕ್ಕ ಹಾಕಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಳು.

825 ಮಿಮೀ ಕೂಡ ನನಗೆ ಹೆಚ್ಚೇ. ಕುಷನ್ ಕೆಲಸದವನ ಹತ್ತಿರ ಸೀಟಿನ ಫೋಮ್ ಒಂದಂಗುಲ ಕೆತ್ತಿಸಿದೆ, ಏಳುನೂರು ರೂಪಾಯಿ. ಕಾಲು ನೆಲಕ್ಕೆ ಬಂತು, ಆದರೆ ಮೊಣಕಾಲು ಮಡಿಸಿ ಕೂರಬೇಕಾಯಿತು, ಎದ್ದು ನಿಲ್ಲುವಾಗಲೆಲ್ಲ ತೊಡೆ ಉರಿಯಿತು. ಮತ್ತೆ ಅರ್ಧ ಅಂಗುಲ ತುಂಬಿಸಿದೆ, ಇನ್ನೊಂದು ಐನೂರು. ಮುಂಭಾಗದಲ್ಲಿ ಮಾತ್ರ ಎರಡೂ ಬದಿಯ ಅಂಚು ಕೆತ್ತಿಸಿ ಕಿರಿದು ಮಾಡಿದರೆ ಸಾಕು ಎಂದು ಆಮೇಲೆ ಹೊಳೆಯಿತು. ನೀವು ನೇರವಾಗಿ ಅದನ್ನೇ ಮಾಡಿಸಿ.

ಮುಳ್ಳಿನ ಕಥೆ ಬೇರೆ. ಬಳ್ಳಾರಿ ಜಾಲಿ ಇರುವ ಈ ಸೀಮೆಯಲ್ಲಿ ಕಡ್ಡಿ ಚಕ್ರ, ಟ್ಯೂಬ್ ಟೈರು ಎಂದರೆ ಪಂಕ್ಚರ್ ಅಂಗಡಿಗೆ ತಿಂಗಳ ಸಂಬಳ ಕೊಟ್ಟಂತೆ. ಮೊದಲ ಮೂರು ತಿಂಗಳಲ್ಲಿ ಹದಿನಾಲ್ಕು ಪಂಕ್ಚರ್. ಟ್ಯೂಬಿನೊಳಗೆ ಸುರಿಯುವ ಅಂಟು ದ್ರಾವಣ ತಂದು ಹಾಕಿದೆ. ಸಣ್ಣ ಮುಳ್ಳಿಗೆ ನಿಂತಿತು, ದೊಡ್ಡದು ಚುಚ್ಚಿದಾಗ ಹಸಿರು ಗಂಜಿ ಚಿಮ್ಮಿ ಸೈಲೆನ್ಸರಿನ ಮೇಲೆ ಸುಟ್ಟು ನಾರಿತು. ಅದೇ ಟ್ಯೂಬಿಗೆ ಪ್ಯಾಚ್ ಹಚ್ಚಲು ಹೋದರೆ ಅಂಟುವುದೇ ಇಲ್ಲ, ಅಂಗಡಿಯವನು ಬೈದು ಕಳಿಸಿದ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಹೊಸದಕ್ಕೂ ಟೈರಿಗೂ ನಡುವೆ ಹಾಸುವ ಪ್ರಯೋಗವನ್ನೂ ಮಾಡಿದೆ. ಇಪ್ಪತ್ತು ಕಿಲೋಮೀಟರಿಗೆ ಒಳಗೇ ಮಡಚಿಕೊಂಡು ಹೊಸ ಟ್ಯೂಬನ್ನೇ ಕೊರೆಯಿತು. ಕೊನೆಗೆ ದಪ್ಪ ಟ್ಯೂಬು ಹಾಕಿದ್ದೇ ಉಳಿಯಿತು. ಈಗ ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು. ಎರೆ ಮಣ್ಣಿಗೆ ಹಿಂದಿನ ಟೈರಿನ ಗಾಳಿ ಎಷ್ಟಕ್ಕೆ ಇಳಿಸುತ್ತೇನೆ ಎಂದು ಮಾತ್ರ ಕೇಳಬೇಡಿ. ಅದನ್ನು ಕಂಡುಕೊಳ್ಳಲು ಎರಡು ರಿಮ್ ಸೊಟ್ಟ ಮಾಡಿಕೊಂಡಿದ್ದೇನೆ.

ಎರೆಯ ಪಾಠ ಮರೆಯದೆ ಮುಂದಿನ ಮಡ್‌ಗಾರ್ಡಿಗೆ ವಾಷರ್ ಕೊಟ್ಟು ಎರಡು ಬೆರಳು ಎತ್ತರಿಸಿದೆ. ಹಿಂದಿನ ಸ್ಪ್ರಾಕೆಟ್ಟಿಗೆ, ಅಂದರೆ ಚೈನು ಕೂರುವ ಹಲ್ಲುಚಕ್ರಕ್ಕೆ, ಎರಡು ಹಲ್ಲು ಹೆಚ್ಚಿಸಿದ್ದು ಇನ್ನೂ ಒಳ್ಳೆಯದಾಯಿತು. ಮೊದಲ ಗೇರಿನಲ್ಲಿ ಕ್ಲಚ್ ಹಿಡಿಯದೆ ನಡಿಗೆಯ ವೇಗದಲ್ಲಿ ಕೊರಕಲು ದಾಟುತ್ತದೆ. ಅಕ್ಟೋಬರಿನ ಆ ಗುಡ್ಡದಲ್ಲಿ ನನ್ನನ್ನು ಮೇಲೆ ಹತ್ತಿಸಿದ್ದು 19 ಕುದುರೆಬಲವಲ್ಲ, ಈ ಎರಡು ಹಲ್ಲು. ಇದರ ಬೆಲೆಯನ್ನು ಹೆದ್ದಾರಿಯಲ್ಲಿ ತೆರುತ್ತೇನೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಗೆ ಹೋಗುವಾಗ ಎಂಬತ್ತರ ಮೇಲೆ ಎಂಜಿನ್ ಗೋಳಾಡುತ್ತದೆ, ಲಾರಿಯವರೂ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುತ್ತಾರೆ. ಲೀಟರಿಗೆ 37 ಕೊಡುತ್ತಿದ್ದದ್ದು 33ಕ್ಕೆ ಇಳಿದಿದೆ. ನಾನು ಹೋಗಿ ತಲುಪುವಷ್ಟರಲ್ಲಿ ಗೆಳೆಯರೆಲ್ಲ ಎರಡನೆಯ ಬೆಣ್ಣೆದೋಸೆ ಮುಗಿಸಿರುತ್ತಾರೆ.

ತಕ್ಕಡಿಯನ್ನು ಚಳ್ಳಕೆರೆಯವರಿಗೆ ಹಿಂತಿರುಗಿಸಿದ್ದೆ, ಕಳೆದ ವಾರ ಮತ್ತೆ ತಂದಿದ್ದೇನೆ. ದಾವಣಗೆರೆಯ ಗೆಳೆಯ ತನ್ನ ದೊಡ್ಡ ಬೈಕು ಮಾರಲು ಹಾಕಿದ್ದಾನಂತೆ. ಭಾನುವಾರ ಯಾರದೋ ಎರಡು ಗಾಡಿ ಹೊಂದಿಸಿಕೊಂಡು ಬರುತ್ತಾನೆ. ಗೋಣಿಚೀಲ ನನ್ನಲ್ಲಿವೆ, ಹಾಸಿಗೆ ಮಾತ್ರ ಈ ಸಲ ಅವನ ಮನೆಯದೇ ಬರಲಿ ಎಂದಿದ್ದೇನೆ.