ಅಮೋರ್ಗೋಸ್‌ನ ಹಳೆಯ ಕಾಲುದಾರಿಯಲ್ಲಿ ಒಂದು ದಿನ ನಡೆಯುವುದು ಹೇಗೆ?

ಗ್ರೀಸ್‌ಗೆ ಹೋದವರೆಲ್ಲ ಸಾಂಟೊರಿನಿಯ ನೀಲಿ ಗುಮ್ಮಟದ ಮುಂದೆ ಕ್ಯೂ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಕಾಲಲ್ಲಿ ಸ್ವಲ್ಪ ಕಸುವಿದ್ದು, ಕೈಯಲ್ಲಿ ಎರಡು ಮೂರು ದಿನ ಜಾಸ್ತಿ ಇದ್ದರೆ ಅಲ್ಲಿಂದ ಹಡಗು ಹತ್ತಿ ಅಮೋರ್ಗೋಸ್‌ಗೆ ಹೋಗಿ. ಸೈಕ್ಲಡೀಸ್ ದ್ವೀಪಗಳಲ್ಲಿ ತೀರಾ ಪೂರ್ವಕ್ಕಿರುವುದು ಇದು. ಮೂವತ್ತು ಕಿಲೋಮೀಟರಿಗೆ ಮಿಕ್ಕಿ ಉದ್ದ, ಅಗಲ ಮಾತ್ರ ತೀರಾ ಕಮ್ಮಿ. ಉದ್ದಕ್ಕೂ ಬೆಟ್ಟ. ವಿಮಾನ ನಿಲ್ದಾಣ ಇಲ್ಲ, ಹಾಗಾಗಿ ಜನಜಂಗುಳಿಯೂ ಅಷ್ಟಿಲ್ಲ.

ಈ ದ್ವೀಪದ ಮಧ್ಯಭಾಗದಲ್ಲಿ ಹೋರಾ ಎಂಬ ಹಳೆಯ ಊರಿದೆ, ಉತ್ತರದಲ್ಲಿ ಎಗಿಯಾಲಿ ಕೊಲ್ಲಿ. ಡಾಂಬರು ರಸ್ತೆ ಬರುವ ಮೊದಲು ಇವೆರಡರ ನಡುವೆ ಓಡಾಡಲು ನೆಲದ ಮೇಲೆ ಇದ್ದದ್ದು ಒಂದು ಕಾಲುದಾರಿ. ಹೆಸರು ‘ಪಾಲ್ಯಾ ಸ್ಟ್ರಾಟಾ’, ಅಂದರೆ ಹಳೆಯ ದಾರಿ. ಈಗ ಅದಕ್ಕೆ 1ನೇ ನಂಬರ್ ಕೊಟ್ಟು ಫಲಕ ಹಾಕಿದ್ದಾರೆ. ಉದ್ದ ಸುಮಾರು 15 ಕಿ.ಮೀ. ನಡೆಯುವುದಕ್ಕೆ ಐದು ಗಂಟೆ, ನಿಂತು ಕೂತು ನೋಡಿಕೊಂಡು ಹೋಗಲು ಏಳು ಗಂಟೆ ಇಟ್ಟುಕೊಳ್ಳಿ.

ಮೊದಲೇ ಒಂದು ಮಾತು. ಇದು ಶಿಖರ ಹತ್ತುವ ಟ್ರೆಕ್ಕಿಂಗ್ ಅಲ್ಲ. ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಜನ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಿದ್ದ ದಾರಿ. ಅದನ್ನು ಹಾಗೆಯೇ ನಡೆಯಬೇಕು. ಬೆಳಿಗ್ಗೆ ಬೇಗ ಹೊರಟು, ಒಂದೇ ಹದದಲ್ಲಿ ನಡೆದು, ಬಿಸಿಲು ಇಳಿಯುವ ಮೊದಲು ಇನ್ನೊಂದು ಊರು ಸೇರುವುದು. ವಾಚ್ ನೋಡಿಕೊಂಡು ಓಡುವವರಿಗೆ ಇಲ್ಲಿ ಮೊಣಕಾಲು ನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಯಾವಾಗ ಹೋಗಬೇಕು

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಏಪ್ರಿಲ್, ಮೇನಲ್ಲಿ ಕಲ್ಲುಗಳ ಸಂದಿಯಲ್ಲೆಲ್ಲ ಕೆಂಪು ಗಸಗಸೆ ಹೂವು ಇರುತ್ತದೆ. ಆಮೇಲೆ ಇಡೀ ಗುಡ್ಡ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಜುಲೈ, ಆಗಸ್ಟ್ ಬೇಡವೇ ಬೇಡ. ‘ನಾವು ರಾಯಚೂರಿನವರು, ಬಿಸಿಲು ನೋಡದವರಾ’ ಅಂತ ನೀವು ಅನ್ನಬಹುದು. ಅಲ್ಲಿನ ತೊಂದರೆ ಬಿಸಿಲು ಒಂದೇ ಅಲ್ಲ, ನೆರಳು ಇಲ್ಲದಿರುವುದು. ಹೋರಾ ಬಿಟ್ಟ ಮೇಲೆ ಒಂದು ಒಳ್ಳೆಯ ಮರದ ಕೆಳಗೆ ಕೂರಬೇಕೆಂದರೂ ಗಂಟೆಗಟ್ಟಲೆ ನಡೆಯಬೇಕು. ಮೇಲಾಗಿ ಬೇಸಿಗೆಯಲ್ಲಿ ಉತ್ತರದಿಂದ ‘ಮೆಲ್ಟೆಮಿ’ ಎಂಬ ಗಾಳಿ ಬೀಸುತ್ತದೆ. ಆಕಾಶ ತಿಳಿಯಾಗಿರುತ್ತದೆ, ಮಳೆಯ ಸುಳಿವೇ ಇರುವುದಿಲ್ಲ, ಆದರೂ ಗುಡ್ಡದ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಲು ಆಗದಷ್ಟು ಜೋರು. ಗಾಳಿ ಹೆಚ್ಚಾದರೆ ಹಡಗುಗಳೇ ನಿಂತುಬಿಡುತ್ತವೆ. ಯಾವ ತಿಂಗಳಲ್ಲಿ ಹೋದರೂ ಸರಿ, ಊರಿಗೆ ವಾಪಸ್ ಬರುವ ವಿಮಾನದ ಹಿಂದಿನ ದಿನವೇ ಅಥೆನ್ಸ್ ಸೇರಿಕೊಳ್ಳುವ ಹಾಗೆ ಟಿಕೆಟ್ ಮಾಡಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ದ್ವೀಪಕ್ಕೆ ಅಥೆನ್ಸ್ ಪಕ್ಕದ ಪಿರಿಯಾಸ್ ಬಂದರಿನಿಂದ ದೊಡ್ಡ ಹಡಗು ಇದೆ, ನಕ್ಸೋಸ್‌ನಿಂದ ಸಣ್ಣ ಹಡಗೂ ಇದೆ. ಅಮೋರ್ಗೋಸ್‌ನಲ್ಲಿ ಎರಡು ಬಂದರು: ಕಟಾಪೊಲಾ ಮತ್ತು ಎಗಿಯಾಲಿ. ಟಿಕೆಟ್ ತೆಗೆಯುವಾಗ ಯಾವುದು ಎಂದು ನೋಡಿಕೊಳ್ಳಿ, ಎರಡರ ನಡುವೆ ಒಂದು ಬೆಟ್ಟಸಾಲೇ ಇದೆ.

ಯಾವ ಕಡೆಯಿಂದ ಶುರು ಮಾಡಬೇಕು

ಹೋರಾದಿಂದ ಎಗಿಯಾಲಿಗೆ. ಉಲ್ಟಾ ನಡೆಯುವವರೂ ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಹೋರಾ ಇರುವುದು ಮೇಲೆ, ಎಗಿಯಾಲಿ ಸಮುದ್ರದ ಮಟ್ಟದಲ್ಲಿ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಏರಿಗಿಂತ ಇಳಿಜಾರು ಜಾಸ್ತಿ. ಇನ್ನೊಂದು, ದಾರಿಯಲ್ಲಿ ಸಿಗುವ ಹೋಜೊವಿಯೊಟಿಸ್ಸಾ ಎಂಬ ದೊಡ್ಡ ಕ್ರೈಸ್ತ ಮಠ ತೆರೆದಿರುವುದು ಬೆಳಿಗ್ಗೆ ಹೊತ್ತು. ಮಧ್ಯಾಹ್ನ ಮುಚ್ಚಿ ಮತ್ತೆ ಸಂಜೆ ಸ್ವಲ್ಪ ಹೊತ್ತು ತೆರೆಯುತ್ತಾರೆ.

ಎಗಿಯಾಲಿಯಿಂದ ಹೋರಾಕ್ಕೆ ಬಸ್ಸು ಇದೆ. ಸೀಸನ್ ನೋಡಿ ಅದರ ವೇಳೆ ಬದಲಾಗುತ್ತದೆ, ಭಾನುವಾರ ಕಮ್ಮಿಯಾಗಬಹುದು. ಹಿಂದಿನ ಸಂಜೆಯೇ ಬಸ್ ನಿಲ್ದಾಣದಲ್ಲಿ ಅಂಟಿಸಿರುವ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ಇನ್ನೂ ಸುಲಭದ ದಾರಿ ಬೇಕಾ? ರೂಮನ್ನು ಎಗಿಯಾಲಿಯಲ್ಲೇ ಮಾಡಿ. ಬೆಳಗಿನ ಮೊದಲ ಬಸ್ಸು ಹಿಡಿದು ಹೋರಾಕ್ಕೆ ಹೋಗಿ, ಅಲ್ಲಿಂದ ನಿಮ್ಮ ರೂಮಿನ ಕಡೆಗೆ ನಡೆದು ಬನ್ನಿ. ಕೊನೆಯ ಬಸ್ಸಿನ ಚಿಂತೆಯೇ ಇರುವುದಿಲ್ಲ.

ಬ್ಯಾಗಿನಲ್ಲಿ ಏನಿರಬೇಕು

ನೀರು ಒಬ್ಬರಿಗೆ ಮೂರು ಲೀಟರ್. ಇದರಲ್ಲಿ ಚೌಕಾಸಿ ಬೇಡ. ಮಠ ಬಿಟ್ಟರೆ ಪೊಟಮೋಸ್ ಎಂಬ ಹಳ್ಳಿ ಸಿಗುವ ತನಕ ನಂಬಿಕೊಂಡು ಹೋಗುವಂಥ ನೀರು ಇಲ್ಲ. ದಾರಿಬದಿಯಲ್ಲಿ ಮಳೆನೀರಿನ ತೊಟ್ಟಿಗಳು ಕಾಣುತ್ತವೆ, ಅವು ಆಡುಗಳಿಗೆ.

ಶೂ ಗ್ರಿಪ್ ಇರುವಂಥದ್ದಾಗಿರಲಿ. ಪ್ಯಾಂಟ್ ಕಾಲಿನ ತುಂಬ ಇರಲಿ. ದಾರಿಯ ಎರಡೂ ಕಡೆ ಮೊಣಕಾಲೆತ್ತರದ ಮುಳ್ಳುಪೊದೆಗಳಿವೆ, ಚಡ್ಡಿ ಹಾಕಿದವರ ಕಾಲು ಗೀರು ಗೀರಾಗುತ್ತದೆ. ಮಠದೊಳಗೂ ಗಂಡಸರಿಗೆ ಚಡ್ಡಿ ನಡೆಯುವುದಿಲ್ಲ. ಹೆಂಗಸರು ಪ್ಯಾಂಟ್ ಹಾಕಿದ್ದರೆ ಅದರ ಮೇಲೆ ಸುತ್ತಿಕೊಳ್ಳಲು ಒಂದು ಬಟ್ಟೆ ಬೇಕು. ಬಾಗಿಲಲ್ಲಿ ಕೊಡುವುದುಂಟು, ಆದರೂ ಒಂದು ದುಪಟ್ಟಾ ಬ್ಯಾಗಿನಲ್ಲಿದ್ದರೆ ತಲೆಗೂ ಆಯಿತು, ಸೊಂಟಕ್ಕೂ ಆಯಿತು. ಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲೇಬೇಕು. ಇಲ್ಲದಿದ್ದರೆ ಅದು ಏಜಿಯನ್ ಸಮುದ್ರಕ್ಕೆ ಅರ್ಪಣೆ.

ಊಟಕ್ಕೆ ಹೋರಾದ ಅಂಗಡಿಯಲ್ಲಿ ಬ್ರೆಡ್ಡು, ಚೀಸು, ಟೊಮೆಟೊ, ಸೌತೆಕಾಯಿ, ಆಲಿವ್ ತೆಗೆದುಕೊಳ್ಳಿ. ‘ಪಾಕ್ಸಿಮಾದಿ’ ಎಂಬ ಗಟ್ಟಿ ರಸ್ಕ್ ಸಿಗುತ್ತದೆ, ಹಲ್ಲು ಗಟ್ಟಿಯಿದ್ದರೆ ಅದು ಇನ್ನೂ ಒಳ್ಳೆಯದು, ಬ್ಯಾಗಿನಲ್ಲಿ ಹಿಟ್ಟಾಗುವುದಿಲ್ಲ. ಊರಿಂದ ತಂದ ಚಟ್ನಿಪುಡಿ ಇದ್ದರೆ ಟೊಮೆಟೊ ಮೇಲೆ ಉದುರಿಸಿ ನೋಡಿ. ಫೋನಿನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ. ತುರ್ತು ಕರೆಗೆ ನಂಬರ್ 112.

ಹೆಜ್ಜೆ ಒಂದು: ಹೋರಾದಿಂದ ಮಠಕ್ಕೆ

ಏಳೂವರೆಗೆಲ್ಲ ಹೊರಡಿ. ಹೋರಾದ ಓಣಿಗಳು ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದು. ಮೇಲ್ಗಡೆ ಸಾಲಾಗಿ ನಿಂತಿರುವ ಹಳೆಯ ಗಾಳಿಗಿರಣಿಗಳ ದಿಕ್ಕಿಗೆ ಹತ್ತಿಕೊಂಡು ಊರಿನ ಅಂಚಿಗೆ ಬನ್ನಿ. ಅಲ್ಲಿಗೆ ನೆಲ ಮುಗಿದು ಕೆಳಗೆ ಒಮ್ಮೆಗೇ ಸಮುದ್ರ ತೆರೆದುಕೊಳ್ಳುತ್ತದೆ. ಅಂಕುಡೊಂಕಾಗಿ ಇಳಿಯುವ ಕಲ್ಲುಹಾಸಿನ ದಾರಿ ಹಿಡಿಯಿರಿ. ಇಂಥ ದಾರಿಗೆ ಅಲ್ಲಿ ‘ಕಲ್ಡೆರಿಮಿ’ ಅನ್ನುತ್ತಾರೆ.

ಇದನ್ನು ಸ್ವಲ್ಪ ಬಗ್ಗಿ ನೋಡಿ. ಮೆಟ್ಟಿಲುಗಳು ಅಗಲ, ಎತ್ತರ ತೀರಾ ಕಮ್ಮಿ. ಮನುಷ್ಯನಿಗೆ ಒಂದು ಹೆಜ್ಜೆಗೆ ಉದ್ದ, ಎರಡು ಹೆಜ್ಜೆಗೆ ಗಿಡ್ಡ ಅನ್ನಿಸುವ ಅಳತೆ. ಯಾಕೆಂದರೆ ಅಳತೆ ತೆಗೆದದ್ದು ಹೊರೆ ಹೊತ್ತ ಕತ್ತೆ, ಹೇಸರಗತ್ತೆಗಳ ಕಾಲಿಗೆ. ಪ್ರತಿ ಮೆಟ್ಟಿಲಿನ ಅಂಚಿಗೆ ಒಂದು ಸಾಲು ಕಲ್ಲನ್ನು ಎದ್ದು ನಿಲ್ಲಿಸಿ, ಅದರ ಹಿಂದೆ ಚಪ್ಪಟೆ ಕಲ್ಲು ಬಿಗಿದಿದ್ದಾರೆ. ಗಾರೆ ಇಲ್ಲ, ಹಾಗಾಗಿ ಮಳೆನೀರು ಸಂದಿಯಲ್ಲಿ ಇಂಗುತ್ತದೆ, ದಾರಿ ಕೊಚ್ಚಿಹೋಗುವುದಿಲ್ಲ. ಗಾರೆ ಹಾಕದೆ ಕಲ್ಲು ಕಟ್ಟುವ ಈ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಗ್ರೀಸ್ ಜೊತೆ ಯುರೋಪಿನ ಇನ್ನೂ ಏಳು ದೇಶಗಳ ಹೆಸರು ಅದರಲ್ಲಿತ್ತು. ಗೊರಸು ಉಜ್ಜಿ ಉಜ್ಜಿ ನಯವಾದ ಕಲ್ಲುಗಳ ಮೇಲೆ ಬೆಳಗಿನ ಇಬ್ಬನಿ ಇದ್ದರೆ ಜಾರುತ್ತದೆ. ಇಲ್ಲಿ ಹೆಜ್ಜೆ ಗಿಡ್ಡ ಮಾಡಿ.

ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಹೋಜೊವಿಯೊಟಿಸ್ಸಾ ಮಠದ ಮೆಟ್ಟಿಲ ಬುಡಕ್ಕೆ ಬರುತ್ತೀರಿ. 300ರ ಆಸುಪಾಸು ಮೆಟ್ಟಿಲು. ಸಮುದ್ರದಿಂದ ಸುಮಾರು 300 ಮೀಟರ್ ಎತ್ತರದಲ್ಲಿ, ಕಂದು ಬಂಡೆಯ ಗೋಡೆಗೆ ಒತ್ತಿಕೊಂಡು ನಿಂತ ಬಿಳಿ ಕಟ್ಟಡ. ಉದ್ದ 40 ಮೀಟರ್ ಇದ್ದರೂ ಒಳಗೆ ಅತಿ ಅಗಲದ ಜಾಗವೇ ಐದು ಮೀಟರ್. 1088ರಲ್ಲಿ ಬೈಜಾಂಟೈನ್ ಚಕ್ರವರ್ತಿ ಒಂದನೇ ಅಲೆಕ್ಸಿಯೋಸ್ ಕೊಮ್ನೆನೋಸ್ ಇದನ್ನು ಕಟ್ಟಿಸಿದ ಎಂದು ಹೇಳುತ್ತಾರೆ. ಬಾಗಿಲು ಗಿಡ್ಡ, ತಲೆ ತಗ್ಗಿಸಿ ಹೋಗಬೇಕು. ಒಳಗಿನ ಮೆಟ್ಟಿಲುಗಳಲ್ಲಿ ಒಂದು ಕಡೆ ಕಟ್ಟಿದ ಗೋಡೆ, ಇನ್ನೊಂದು ಕಡೆ ಹಸಿ ಬಂಡೆ. ಮೇಲಿರುವುದು ಮೇರಿಮಾತೆಯ ಚಿತ್ರಪಟವಿರುವ ಪುಟ್ಟ ಚರ್ಚು. ಒಳಗೆ ಫೋಟೊ ಬೇಡ.

ನೋಡಿ ಬಂದ ಮೇಲೆ ಬಂದವರಿಗೆಲ್ಲ ನೀರು, ಲೌಕೂಮಿ ಎಂಬ ಮೆತ್ತನೆಯ ಸಿಹಿ, ಒಂದು ಪುಟ್ಟ ಲೋಟದಲ್ಲಿ ‘ಪ್ಸಿಮೆನಿ’ ಕೊಡುವ ರೂಢಿ ಇದೆ. ಜೇನು, ದಾಲ್ಚಿನ್ನಿ, ಲವಂಗ ಹಾಕಿ ಕಾಯಿಸಿದ ರಾಕಿ ಅದು, ಹೆಂಡವೇ. ಕುಡಿಯದವರು ಎದೆಯ ಮೇಲೆ ಕೈಯಿಟ್ಟು ‘ಎಫ್ಹಾರಿಸ್ತೊ’ (ಧನ್ಯವಾದ) ಅಂದು ನಕ್ಕರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕುಡಿಯುವವರೂ ಒಂದಕ್ಕೇ ನಿಲ್ಲಿಸಿ, ಮುಂದಿನ ದಾರಿಯ ಪಕ್ಕ ಪ್ರಪಾತವಿದೆ.

ಹೆಜ್ಜೆ ಎರಡು: ಮಠದಿಂದ ಗುಡ್ಡದ ನೆತ್ತಿಗೆ

ಮೆಟ್ಟಿಲು ಇಳಿದು 1ನೇ ನಂಬರಿನ ಫಲಕ ಹುಡುಕಿ. ಬಿಳಿ, ಕೆಂಪು ಬಣ್ಣದ ಚಿಕ್ಕ ಚೌಕ ಫಲಕ. ಇಲ್ಲಿಂದ ದಾರಿ ಕಡಿದಾದ ಇಳಿಜಾರಿಗೆ ಅಡ್ಡಲಾಗಿ ಈಶಾನ್ಯಕ್ಕೆ ಸಾಗುತ್ತದೆ. ಎಡಗಡೆ ಬಂಡೆ, ಬಲಗಡೆ ಕೆಳಗೆ ಸಮುದ್ರ. ಎತ್ತರ ಕಂಡರೆ ತಲೆ ತಿರುಗುವವರು ಈ ಭಾಗದಲ್ಲಿ ಎಡಕ್ಕೆ ಅಂಟಿಕೊಂಡೇ ನಡೆಯಿರಿ. ಮಧ್ಯೆ ನಿಂತು ಸೆಲ್ಫಿ ಬೇಡ. ಬೇಕೆಂದರೆ ದಾರಿ ಅಗಲವಾದ ಕಡೆ ಬೆನ್ನನ್ನು ಬಂಡೆಗೆ ಕೊಟ್ಟು ನಿಂತು ತೆಗೆಯಿರಿ.

ಇನ್ನೊಂದು ಎಚ್ಚರಿಕೆ. ಇದು ಭೂಕಂಪದ ನೆಲ. 1956ರ ಜುಲೈ 9ರಂದು ಇಲ್ಲಿ ಆದ ಕಂಪನದ ತೀವ್ರತೆ 7ಕ್ಕೂ ಮೀರಿದ್ದು, ಸುನಾಮಿಯೂ ಎದ್ದಿತ್ತು. 2025ರ ಆರಂಭದಲ್ಲಿ ಸಾಂಟೊರಿನಿ ಮತ್ತು ಅಮೋರ್ಗೋಸ್ ನಡುವೆ ವಾರಗಟ್ಟಲೆ ನೆಲ ನಡುಗುತ್ತಲೇ ಇತ್ತು. ಹೆದರಿ ಪ್ರವಾಸ ಬಿಡಬೇಕಾಗಿಲ್ಲ, ಆದರೆ ದಾರಿ ತೆರೆದಿದೆಯೇ, ಎಲ್ಲಾದರೂ ಕಲ್ಲು ಉರುಳಿದೆಯೇ ಅಂತ ಹಿಂದಿನ ದಿನ ಹೋರಾದಲ್ಲಿ ಕೇಳಿಯೇ ಹೊರಡಿ.

ಕಾಪ್ಸಾಲಾ ಎಂಬ ಜಾಗದ ಹೊತ್ತಿಗೆ ಏರು ಹತ್ತಿ ನೆತ್ತಿಯ ಕಡೆ ಬಂದಿರುತ್ತೀರಿ. ಮುಂದೆ ದಾರಿ ನೆತ್ತಿಯ ಗುಂಟ ಏಳುತ್ತ ಬೀಳುತ್ತ ಹೋಗುತ್ತದೆ. ದ್ವೀಪ ಎಷ್ಟು ತೆಳ್ಳಗೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ: ಎರಡೂ ಕಡೆ ಸಮುದ್ರ.

ದಾರಿ ತಪ್ಪದಿರಲು

ಫಲಕಕ್ಕಿಂತ ಗೋಡೆಯನ್ನು ನಂಬಿ. ಹಳೆಯ ದಾರಿ ಬಹಳಷ್ಟು ಕಡೆ ಎರಡು ಕಲ್ಲುಗೋಡೆಗಳ ನಡುವೆ ಹೋಗುತ್ತದೆ, ಕಾಲಡಿಯಲ್ಲಿ ಹಾಸುಗಲ್ಲು ಆಗಾಗ ಕಾಣುತ್ತಿರುತ್ತದೆ. ಎರಡೂ ಗೋಡೆ ಮಾಯವಾಗಿ, ಬರೀ ಮಣ್ಣಿನ ಗೆರೆಗಳು ನಾಲ್ಕೈದು ಕಡೆ ಹರಡಿಕೊಂಡವು ಅಂದರೆ ನೀವು ಆಡಿನ ಜಾಡು ಹಿಡಿದಿದ್ದೀರಿ. ಆಡಿನ ಜಾಡು ಮೊದಲ ನೂರು ಮೀಟರ್ ಅಸಲಿ ದಾರಿಗಿಂತ ಚೆನ್ನಾಗಿರುತ್ತದೆ, ಆಮೇಲೆ ಮುಳ್ಳಿನಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಮುಂದೆ ಸಿಗಬಹುದು ಅಂತ ನುಗ್ಗಬೇಡಿ. ಕೊನೆಯ ಸಲ ಹಾಸುಗಲ್ಲು ಅಥವಾ ಬಣ್ಣದ ಗುರುತು ಕಂಡ ಜಾಗಕ್ಕೆ ವಾಪಸ್ ಬಂದು ನೋಡಿ. ಗೋಡೆ ಕುಸಿದು ದಾರಿ ಮುಚ್ಚಿದ್ದರೆ ಕಲ್ಲುರಾಶಿಯ ಆಚೆ ಅದೇ ದಾರಿ ಮುಂದುವರಿಯುತ್ತಿರುತ್ತದೆ.

ಅಲ್ಲಲ್ಲಿ ತಂತಿಯಿಂದ ಕಟ್ಟಿದ ಗೇಟು ಅಡ್ಡ ಬರುತ್ತದೆ. ‘ಒಳಗೆ ಬರಬೇಡಿ’ ಅಂತಲ್ಲ, ಆಡು ಹೊರಗೆ ಹೋಗದಿರಲಿ ಅಂತ. ಬಿಚ್ಚಿ, ದಾಟಿ, ಇದ್ದ ಹಾಗೆಯೇ ಕಟ್ಟಿ. ಪುಟ್ಟ ಚರ್ಚುಗಳ ಬಾಗಿಲಿಗೂ ಇದೇ ನಿಯಮ.

ಹೆಜ್ಜೆ ಮೂರು: ಆಸ್ಫೊಂಡಿಲಿಟಿಸ್‌ನಲ್ಲಿ ಬುತ್ತಿ ಬಿಚ್ಚಿ

ಮಠದಿಂದ ಎರಡೂವರೆ ಗಂಟೆ ನಡೆದರೆ ಈ ಊರು. ಊರು ಅನ್ನುವುದಕ್ಕಿಂತ, ಜನ ಬಿಟ್ಟುಹೋದ ಕಲ್ಲುಮನೆಗಳ ಗುಂಪು. ಗೋಡೆ, ಬೇಲಿ, ದಾರಿ ಎಲ್ಲ ಒಂದೇ ಕಲ್ಲಿನದಾದ್ದರಿಂದ ಹತ್ತಿರ ಬರುವ ತನಕ ಮನೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ದುಂಡಗೆ ಕಲ್ಲು ಹಾಸಿದ ಕಟ್ಟೆ ಕಂಡರೆ ಅದು ‘ಅಲೋನಿ’, ನಮ್ಮ ಕಡೆಯ ಕಣದ ಹಾಗೆ ಬಾರ್ಲಿ ತುಳಿಸಿ ತೂರುತ್ತಿದ್ದ ಜಾಗ. ಗಾಳಿ ಬೇಕಲ್ಲ, ಅದಕ್ಕೇ ಯಾವಾಗಲೂ ಬಯಲಿಗೆ ತೆರೆದ ದಿಬ್ಬದ ಮೇಲೇ ಕಟ್ಟುತ್ತಿದ್ದರು. ಹಾಗಾಗಿ ಊಟಕ್ಕೆ ಅಲ್ಲಿ ಕೂರಬೇಡಿ, ಬ್ರೆಡ್ಡು ಹಾರಿಹೋಗುತ್ತದೆ. ಯಾವುದಾದರೂ ಗೋಡೆಯ ಮರೆ ನೋಡಿಕೊಳ್ಳಿ.

ಊಟ ಮುಗಿಸಿ ಬಂಡೆಗಳನ್ನು ಹುಡುಕಿ. ಕೆಲವು ಕಲ್ಲುಗಳ ಮೇಲೆ ಗೀರಿ ಕೊರೆದ ಪುಟ್ಟ ಪುಟ್ಟ ಮನುಷ್ಯರ ಚಿತ್ರಗಳಿವೆ, ಕೆಲವರು ಕುಣಿಯುವ ಭಂಗಿಯಲ್ಲಿ. ಪುರಾತನ ಕಾಲದ್ದೇನಲ್ಲ, ನೂರು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟವು. ಮನೆಯವರೆಲ್ಲ ಹೊಲಕ್ಕೆ ಹೋದಾಗ, ದುಡಿಯಲಾಗದ ಅಂಗವಿಕಲ ಹುಡುಗನೊಬ್ಬ ಕೂತು ಕೊರೆದದ್ದು ಅಂತ ಆ ಕಡೆಯ ಜನ ಹೇಳುತ್ತಾರೆ. ಬೆಳಕು ಓರೆಯಾಗಿ ಬಿದ್ದಾಗ ಗೆರೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನವಾದರೆ ನಿಮ್ಮ ನೆರಳನ್ನೇ ಕಲ್ಲಿನ ಮೇಲೆ ಬೀಳಿಸಿ ನೋಡಿ. ನೀರು ಸುರಿಯುವುದು, ಸೀಮೆಸುಣ್ಣ ಬಳಿಯುವುದು ಬೇಡ.

ಇಲ್ಲಿಗೆ ಡಾಂಬರು ರಸ್ತೆ ದೂರವಿಲ್ಲ. ಕಾಲು ಉಳುಕಿದ್ದರೆ, ನೀರು ಅರ್ಧ ಲೀಟರಿಗಿಂತ ಕಮ್ಮಿ ಉಳಿದಿದ್ದರೆ, ಜೊತೆಯಲ್ಲಿರುವ ಅಮ್ಮನೋ ಅಪ್ಪನೋ ಮಾತು ನಿಲ್ಲಿಸಿದ್ದರೆ, ಇಲ್ಲಿಂದಲೇ ರಸ್ತೆಗೆ ಹೊರಳಿ.

ಹೆಜ್ಜೆ ನಾಲ್ಕು: ಎಗಿಯಾಲಿಗೆ ಇಳಿಯುವುದು

ಇನ್ನೊಂದು ಗಂಟೆಯ ಮೇಲೆ ಸ್ವಲ್ಪ ನಡೆದರೆ ಕೆಳಗೆ ಎಗಿಯಾಲಿ ಕೊಲ್ಲಿ ಕಾಣಿಸುತ್ತದೆ. ಆಮೇಲೆ ಪೊಟಮೋಸ್, ಇಳಿಜಾರಿಗೆ ಅಂಟಿಕೊಂಡ ಬಿಳಿ ಹಳ್ಳಿ. ಇಲ್ಲಿಂದ ಬಂದರಿನವರೆಗೆ ಬರೀ ಮೆಟ್ಟಿಲು. ದಿನವಿಡೀ ನಡೆದ ಮೊಣಕಾಲಿಗೆ ಇದೇ ಕಷ್ಟದ ಭಾಗ, ಹಾಗಾಗಿ ವಾಕಿಂಗ್ ಸ್ಟಿಕ್ ಇದ್ದರೆ ಬೆಳಿಗ್ಗೆಯಿಂದ ಮಡಚಿ ಇಟ್ಟಿದ್ದನ್ನು ಈಗ ತೆಗೆಯಿರಿ. ಮನೆಗಳ ಅಂಗಳದ ಪಕ್ಕದಲ್ಲೇ ದಾರಿ ಹೋಗುತ್ತದೆ, ಎದುರು ಸಿಕ್ಕ ಅಜ್ಜ ಅಜ್ಜಿಯರಿಗೆ ‘ಯಾ ಸಾಸ್’ (ನಮಸ್ಕಾರ) ಅನ್ನಿ.

ಬಂದರಿನ ಸಾಲಿನಲ್ಲಿ ಹೋಟೆಲುಗಳಿವೆ. ಮಾಂಸ ತಿನ್ನುವವರಿಗೆ ಈ ದ್ವೀಪದ ಹೆಸರುವಾಸಿ ಅಡುಗೆ ಪಟಟಾಟೊ: ಆಡಿನ ಮಾಂಸ, ಆಲೂಗಡ್ಡೆ ಹಾಕಿ ನಿಧಾನಕ್ಕೆ ಬೇಯಿಸಿದ್ದು. ಸಸ್ಯಾಹಾರಿಗಳು ‘ಫಾವಾ’ ಕೇಳಿ. ಹಳದಿ ಬೇಳೆ ಬೇಯಿಸಿ ಮಸೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ‘ಹೋರ್ತಾ’ ಅಂದರೆ ಬೇಯಿಸಿದ ಸೊಪ್ಪು, ನಿಂಬೆ ಹಿಂಡಿದ್ದು. ‘ಗೆಮಿಸ್ತಾ’ ಅಂದರೆ ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸು, ಆದರೆ ಕೆಲವು ಕಡೆ ಖೀಮಾ ಸೇರಿಸುತ್ತಾರೆ, ಕೇಳಿಕೊಳ್ಳಿ.

ಹೋರಾಕ್ಕೆ ವಾಪಸ್ ಹೋಗಬೇಕಾದವರು ಊಟಕ್ಕೆ ಕೂರುವ ಮೊದಲು ಬಸ್ಸಿನ ವೇಳೆ ಇನ್ನೊಮ್ಮೆ ನೋಡಿ. ತಪ್ಪಿದರೆ ಟ್ಯಾಕ್ಸಿ ಇದೆ, ಆದರೆ ದ್ವೀಪದಲ್ಲಿ ಅವು ಬೆರಳೆಣಿಕೆ. ಹೋಟೆಲಿನವರಿಗೆ ಹೇಳಿದರೆ ಫೋನ್ ಮಾಡಿ ಕರೆಸುತ್ತಾರೆ, ಬರುವಷ್ಟರಲ್ಲಿ ಒಂದು ಕಾಫಿ ಆರಾಮಾಗಿ ಮುಗಿಯುತ್ತದೆ.