ಪಾತಿ ಕೆತ್ತಿದ ಕೈ ಕೊನೆಗೂ ಸಿಕ್ಕಿತು

ಹಳೇ ಪಾತಿಯನ್ನು, ಅಂದರೆ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯನ್ನು, ಯಾರು ಕೆತ್ತಿದ್ದು ಅಂತ ಪತ್ತೆ ಮಾಡೋಕೆ ಆಗೋದಿಲ್ಲ ಎಂದು ಗೋವಾದ ವಾಸ್ಕೋದಲ್ಲಿರುವ ನಮ್ಮ ಕಾರವಾರದವರೆಲ್ಲ ಹೇಳಿದ್ದರು. ನಾನು ಮಾಡಿದೆ. ಹದಿನಾಲ್ಕು ತಿಂಗಳು ಹಿಡಿಯಿತು, 22 ಸಾವಿರದಷ್ಟು ಖರ್ಚಾಯಿತು. ದೋಣಿಗೆ ಕೊಟ್ಟಿದ್ದೇ 9 ಸಾವಿರ.

ಶಿವೋಲಿಯ ಒಂದು ತೆಂಗಿನ ತೋಟದಲ್ಲಿ ಕವುಚಿ ಬಿದ್ದಿತ್ತು. ಮಾವಿನ ಮರದ್ದು, ಸುಮಾರು 18 ಅಡಿ. ಅಂಚಿಗೆ ಹಲಗೆ ಕೂಡಿಸಿ ನಾರಿನ ಹುರಿಯಲ್ಲಿ ಹೊಲಿದಿದ್ದರು. ಮೇಲೆ ನಾಲ್ಕೈದು ಪದರ ಬಣ್ಣ.

ಗೋವಾದ 1980ರ ಮೀನುಗಾರಿಕೆ ಕಾಯ್ದೆಯ ನೋಂದಣಿ ನಂಬರ್ ಬಣ್ಣದಡಿ ಇರಬಹುದೆಂದು ಗ್ರೈಂಡರ್ ಹಿಡಿದೆ. ದೊಡ್ಡ ತಪ್ಪು. ಬಣ್ಣದ ಜೊತೆ ನಂಬರೂ ಹೋಯಿತು, ಎರಡು ಅಂಕಿ ಉಳಿದವು. ಪೂರ್ತಿ ನಂಬರ್ ಸಿಕ್ಕಿದ್ದರೂ ಮಾಲೀಕ ಸಿಗುತ್ತಿದ್ದ, ದೋಣಿ ಕೆತ್ತಿದ ಮೇಸ್ತ ಅಲ್ಲ. ಮರದ ಚೂರನ್ನು ಪರೀಕ್ಷೆಗೆ ಕಳಿಸಲು ಮೂರು ಸಾವಿರ ಹೋಯಿತು. ಬಂದ ಉತ್ತರ ‘ಮಾವು’.

ಆಮೇಲೆ ಬಾಚಿ ಗುರುತಿನ ಹಿಂದೆ ಬಿದ್ದೆ. ರಾತ್ರಿ ಟಾರ್ಚನ್ನು ಮರಕ್ಕೆ ತಾಗಿಸಿ ಓರೆಯಾಗಿ ಹಿಡಿದರೆ ಒಂದೊಂದು ಏಟೂ ಮೀನಿನ ಹುರುಪೆಯ ಹಾಗೆ ಎದ್ದು ಕಾಣುತ್ತದೆ. ಕೆಲವು ಏಟಿನಲ್ಲಿ ನೂಲಿನಷ್ಟು ತೆಳು ಗೆರೆ. ಬಾಚಿಯ ಬಾಯಿ ಮುಕ್ಕಾಗಿದೆ ಅಂತ ಅರ್ಥ. ಆ ಗೆರೆ ಹುಡುಕುತ್ತ ಎರಡು ತಿಂಗಳು ಊರೂರು ಅಲೆದೆ. ಸುಮ್ನೆ ಪೆಟ್ರೋಲ್ ಸುಟ್ಟದ್ದು. ಸಾಣೆ ಹಿಡಿದರೆ ಮುಕ್ಕು ಹೋಗಿಬಿಡುತ್ತದೆ, ಇನ್ನೊಂದು ದೋಣಿಯಲ್ಲಿ ಎಲ್ಲಿಂದ ಸಿಗಬೇಕು?

ಕೈ ಮಾತ್ರ ಬದಲಾಗೋದಿಲ್ಲ. ಏಟುಗಳ ವಾಲು ನೋಡಿ ಬೈನಾದ ಮಾವನೊಬ್ಬರು, ‘ಇದು ಎಡಗೈ ಕೆಲಸ, ತಮ್ಮಾ’ ಅಂದರು. ಹೊಲಿಗೆ ತೂತುಗಳ ಅಂತರ ಟೇಪಿನ ಲೆಕ್ಕಕ್ಕೆ ಕೂಡಲಿಲ್ಲ. ಬೆರಳಿಟ್ಟು ನೋಡಿದೆ. ಉದ್ದಕ್ಕೂ ನಾಲ್ಕು ಬೆರಳು, ಆದರೆ ನನ್ನದಕ್ಕಿಂತ ತೆಳು ಬೆರಳು. ಮೇಸ್ತ ಯಾರೆಂದು ಗೊತ್ತಿರುವ ಏಳು ದೋಣಿಗಳ ಮೇಲೆ ಕಾಗದ ಹಾಸಿ ಇದ್ದಿಲು ಉಜ್ಜಿ ಅಚ್ಚು ತೆಗೆದೆ. ಇದ್ದಿಲಿಗೆ ಏನು ಬೆರೆಸಿದೆ ಎನ್ನೋದು ನನ್ನ ಹತ್ತಿರವೇ ಇರಲಿ. ಚಾಪೋರಾದ ಒಂದು ದೋಣಿ ಎರಡಕ್ಕೂ ಕೂಡಿತು, ವಾಲಿಗೂ ಬೆರಳಿಗೂ.

ನಡುವೆ, ಹೊಲಿಗೆಯ ಹುರಿ ಎಣ್ಣೆ ಹಾಕಿದರೆ ಹೆಚ್ಚು ಬಾಳುತ್ತದೋ ಅಂತಲೂ ಪರೀಕ್ಷೆ ಮಾಡಿದೆ. ಒಂದನ್ನು ಗೇರು ಸಿಪ್ಪೆ ಎಣ್ಣೆಯಲ್ಲಿ ನೆನೆಸಿ, ಒಂದನ್ನು ಹಾಗೇ, ನಾಲ್ಕು ತಿಂಗಳು ಹೊಳೆ ಕೆಸರಲ್ಲಿ ಹೂತಿಟ್ಟೆ. ಎಣ್ಣೆಯದ್ದೇ ಜಾಸ್ತಿ ಗಟ್ಟಿ ಉಳಿಯಿತು. ಎಣ್ಣೆ ತಾಗಿ ಕೈಯೆಲ್ಲ ಬೊಬ್ಬೆ, ಗ್ಲೌಸ್ ಹಾಕಿಕೊಳ್ಳಿ.

ಚಾಪೋರಾ ದೋಣಿಯ ಆ ಮೇಸ್ತ ತೀರಿಕೊಂಡು ಬಹಳ ವರ್ಷವಾಗಿದೆ. ಅವರ ಸೊಸೆ ಬಾಚಿ ತಂದಿಟ್ಟರು. ಹಿಡಿಯಲ್ಲಿ ಹೆಬ್ಬೆರಳು ಕೂತು ಸವೆದ ಗುಂಡಿ ಇತ್ತು. ಬಲಗೈಯಲ್ಲಿ ಹಿಡಿದೆ, ಕೂಡಲಿಲ್ಲ. ಎಡಗೈಗೆ ಬದಲಿಸಿದೆ. ನಾನು ಕೇಳುವ ಮೊದಲೇ ಅವರು ಹೇಳಿದರು: ಮಾವ ಊಟ ಮಾತ್ರ ಬಲಗೈಯಲ್ಲಿ ಮಾಡುತ್ತಿದ್ದರು.